ಕುದುರೆಲಾಳದ ಕುರ್ಚಿ: ಕೂತವರು ಯಾರು, ಕೊಳ್ಳುವವರು ಏನು ನೋಡಬೇಕು?

ಓದುಗರ ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು, ಹಲವು ವರ್ಷಗಳಿಂದ ಸಿಂಗಪುರದಲ್ಲಿದ್ದೇವೆ. ಇಲ್ಲಿನ ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ಬೆನ್ನೂ ತೋಳೂ ಒಂದಾಗಿ ಕುದುರೆಲಾಳದ ಹಾಗೆ ಬಾಗಿರುವ ಚೀನೀ ಕುರ್ಚಿಗಳ ಜೋಡಿಯೊಂದಿದೆ. ಜೋಡಿಗೆ 18,000 ಸಿಂಗಪುರ ಡಾಲರ್ ಹೇಳುತ್ತಿದ್ದಾರೆ. ಇವು ಚೀನಾದ ಮಿಂಗ್ ಅರಸರ ಕಾಲದ, ಹುವಾಂಗ್‌ಹುವಾಲಿ ಎಂಬ ಬೆಲೆಬಾಳುವ ಗಟ್ಟಿಮರದವು, ಅಧಿಕಾರಿಗಳನ್ನು ಬಿಟ್ಟು ಬೇರೆಯವರು ಇಂಥ ಕುರ್ಚಿಯಲ್ಲಿ ಕೂರುವುದಕ್ಕೆ ಕಾನೂನೇ ಬಿಡುತ್ತಿರಲಿಲ್ಲ, ಬೆನ್ನಹಲಗೆಯಲ್ಲಿ ಡ್ರ್ಯಾಗನ್ ಇರುವುದರಿಂದ ರಾಜಮನೆತನಕ್ಕೆ ಸೇರಿದವು ಎಂದು ಅಂಗಡಿಯವರ ಮಾತು. ಎರಡು ವರ್ಷದ ಹಿಂದೆ ಚೀನಾದ ಸುಜೌ ಊರಿನಿಂದ ತರಿಸಿದರಂತೆ. ಆದರೆ ತೋಳಿನ ಮರ ಒಂದೇ ತುಂಡಲ್ಲ, ಐದು ತುಂಡು ಜೋಡಿಸಿದಂತಿದೆ. ಮುರಿದದ್ದನ್ನು ರಿಪೇರಿ ಮಾಡಿದ್ದಾರೆ ಎಂದು ನನ್ನ ಯಜಮಾನರು ಹೇಳುತ್ತಾರೆ. ಬಣ್ಣವೂ ತುಂಬಾ ಕಪ್ಪು. ಕೊಳ್ಳಬಹುದೇ? ಉಜ್ಜಿಸಿ ಹೊಸ ಪಾಲಿಶ್ ಮಾಡಿಸಬಹುದೇ? ಮುಂದೆ ಊರಿಗೆ ತರಲು ಅಡ್ಡಿಯುಂಟೇ? ತಂದ ಮೇಲೆ ದಿನವೂ ಕೂರಬಹುದೇ, ಅಥವಾ ನೋಡಲು ಮಾತ್ರವೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ತಳದಲ್ಲಿರುವ ಅಳುಕು ಒಂದೇ. ಅಂಗಡಿಯವರ ಕಥೆ ನಿಜವಾಗಿದ್ದರೆ ಅವಕಾಶ ಕೈತಪ್ಪಬಾರದು, ಸುಳ್ಳಾಗಿದ್ದರೆ ಹಣ ನೀರುಪಾಲಾಗಬಾರದು. ಹಳೆಯ ಮರದ ಸಾಮಾನುಗಳ ದುರಸ್ತಿ ಮತ್ತು ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಸಲಹೆ ಏನೆಂದರೆ, ಕಥೆಯನ್ನೂ ಕುರ್ಚಿಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಿ. ಈ ಕಥೆಯಲ್ಲಿ ಅರ್ಧದಷ್ಟು ನಿಜವಿದೆ, ಗಿರಾಕಿಯನ್ನು ಒಲಿಸಿಕೊಳ್ಳುವುದೂ ಆ ಅರ್ಧವೇ. ಆದರೆ ಚೀನೀ ಕುರ್ಚಿಗೂ ಅಂತಸ್ತಿಗೂ ಇದ್ದ ನಂಟು ನಿಮ್ಮ ಮುಂದಿರುವ ಈ ಎರಡು ಕುರ್ಚಿಗಳು ಯಾರವು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಬೆಲೆಯಿಂದಲೇ ಆರಂಭಿಸೋಣ, ಏಕೆಂದರೆ ಬಹುಮಟ್ಟಿಗೆ ವಿಷಯ ಅಲ್ಲೇ ತೀರ್ಮಾನವಾಗುತ್ತದೆ. 2015ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ, ಹೆಸರಾಂತ ಸಂಗ್ರಾಹಕ ರಾಬರ್ಟ್ ಎಲ್ಸ್‌ವರ್ತ್ ಅವರ ಸಂಗ್ರಹದಲ್ಲಿದ್ದ ಇದೇ ಮಾದರಿಯ ನಾಲ್ಕು ಹುವಾಂಗ್‌ಹುವಾಲಿ ಕುರ್ಚಿಗಳು ಒಟ್ಟು 96.85 ಲಕ್ಷ ಅಮೆರಿಕನ್ ಡಾಲರ್‌ಗೆ ಹೋದವು. ಹರಾಜಿನವರ ಮುನ್ನಂದಾಜು 8ರಿಂದ 12 ಲಕ್ಷ ಇತ್ತು. ಒಡೆಯರ ಹೆಸರು ಅಲ್ಲಿ ಬೆಲೆಯನ್ನು ಏರಿಸಿತು, ಅದನ್ನು ಅಳತೆಗೋಲಾಗಿ ಹಿಡಿಯಬಾರದು, ಒಪ್ಪುತ್ತೇನೆ. ಆದರೆ ಮುನ್ನಂದಾಜನ್ನೇ ಹಿಡಿದರೂ ಒಂದೊಂದು ಕುರ್ಚಿಗೆ ಲಕ್ಷಗಟ್ಟಲೆ ಡಾಲರ್ ಆಗುವಾಗ, ಅದೇ ಮರದ ಅದೇ ಕಾಲದ ಜೋಡಿಯನ್ನು 18,000ಕ್ಕೆ ಕೊಡುವಷ್ಟು ಅರಿಯದ ವ್ಯಾಪಾರಿ ಸಿಂಗಪುರದಲ್ಲಿ ಇರಲಾರರು. ಇನ್ನೊಂದು ಎಳೆಯನ್ನು ಅವರೇ ನಿಮ್ಮ ಕೈಗೆ ಕೊಟ್ಟಿದ್ದಾರೆ. 1911 ಮತ್ತು ಅದಕ್ಕೂ ಹಿಂದಿನ, ಐತಿಹಾಸಿಕ ಇಲ್ಲವೇ ಕಲಾತ್ಮಕ ಮೌಲ್ಯವುಳ್ಳ ವಸ್ತುಗಳನ್ನು ಹೊರಗೆ ಸಾಗಿಸುವುದನ್ನು ಚೀನಾ 2007ರ ನಿಯಮದಿಂದ ತಡೆದಿದೆ. ಹಾಗಿರುವಾಗ ಎರಡು ವರ್ಷದ ಹಿಂದೆ ಸುಜೌನಿಂದ ಮಿಂಗ್ ಕುರ್ಚಿ ನ್ಯಾಯವಾಗಿ ಹೊರಬಂದಿರುವುದು ಸಾಧ್ಯವಿಲ್ಲ. ಒಂದೋ ಕುರ್ಚಿ ಅಷ್ಟು ಹಳೆಯದಲ್ಲ, ಇಲ್ಲವೇ ಕಳ್ಳಸಾಗಣೆಯಾಗಿದೆ. ಎರಡರಲ್ಲಿ ಮೊದಲನೆಯದೇ ನಿಮಗೆ ಒಳ್ಳೆಯದು.

ಈಗ ಕಾನೂನಿನ ಮಾತು. ಮಿಂಗ್ ಅರಸರು (1368–1644) ಯಾರು ಏನನ್ನು ಬಳಸಬೇಕೆಂದು ಕಟ್ಟಳೆ ಮಾಡಿದ್ದು ನಿಜ. ಮನೆಗೆ ಎಷ್ಟು ಅಂಕಣ, ಅಂಗಿಗೆ ಯಾವ ಬಟ್ಟೆ, ಮದ್ಯದ ಬಟ್ಟಲು ಚಿನ್ನದ್ದೋ ಬೆಳ್ಳಿಯದ್ದೋ ಎಂಬುದನ್ನೆಲ್ಲ ದರ್ಜೆಗೆ ತಕ್ಕಂತೆ ನಿಗದಿಪಡಿಸಿದ್ದರು. 1393ರ ನಿಯಮಗಳಲ್ಲಿ ಮರದ ಸಾಮಾನಿನ ಪ್ರಸ್ತಾಪವೂ ಇದೆ. ಆದರೆ ಅಲ್ಲಿ ತಡೆದದ್ದು ಕುಂಕುಮಗೆಂಪು ಲ್ಯಾಕರ್ (ಮರದ ಮೇಲೆ ಬಳಿಯುವ ಹೊಳೆಯುವ ಲೇಪ), ಚಿನ್ನದ ಲೇಪ, ಡ್ರ್ಯಾಗನ್ ಮತ್ತು ಫೀನಿಕ್ಸ್ ಕೆತ್ತನೆ ಇವುಗಳನ್ನು, ಅಂದರೆ ಅರಮನೆಯ ಅಲಂಕಾರದ ಅನುಕರಣೆಯನ್ನು. ತೋಳುಳ್ಳ ಕುರ್ಚಿಯಲ್ಲಿ ಅಧಿಕಾರಿಗಳು ಮಾತ್ರ ಕೂರಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಈ ನಂಬಿಕೆ ಹುಟ್ಟಲು ಬಹುಶಃ ಇನ್ನೊಂದು ಬಗೆಯ ಕುರ್ಚಿ ಕಾರಣ: ಬೆನ್ನಿನ ಮೇಲ್ತುದಿಯ ಅಡ್ಡಪಟ್ಟಿಯ ಆಕಾರ ಅಧಿಕಾರಿಗಳ ಟೋಪಿಯನ್ನು ಹೋಲುವುದರಿಂದ ಅದಕ್ಕೆ 'ಅಧಿಕಾರಿ ಟೋಪಿಯ ಕುರ್ಚಿ' ಎಂಬ ಹೆಸರಿದೆ. ಹೆಸರು ಬಂದದ್ದು ಆಕಾರದಿಂದ, ಕೂರುವವರ ಹುದ್ದೆಯಿಂದಲ್ಲ.

ಡ್ರ್ಯಾಗನ್ ವಿಷಯವೂ ಹೀಗೆಯೇ. ಚಕ್ರವರ್ತಿಯ ಗುರುತಾದ ಡ್ರ್ಯಾಗನ್‌ಗೆ ಕೋಡೂ ಐದು ಉಗುರುಗಳ ಪಾದವೂ ಇರುತ್ತವೆ. ನೀವು ಕಳುಹಿಸಿದ ಚಿತ್ರದಲ್ಲಿ ಬೆನ್ನಹಲಗೆಯ ಪುಟ್ಟ ಪದಕದೊಳಗೆ ಸುರುಳಿ ಸುತ್ತಿಕೊಂಡಿರುವುದು 'ಚಿ' ಎಂಬ ಕೋಡಿಲ್ಲದ, ಹಲ್ಲಿಯಂಥ ಮೈಯ, ಸೀಳಿದ ಬಾಲದ ಪ್ರಾಣಿ. ಉಳ್ಳವರ ಮನೆಯ ಕುರ್ಚಿ, ಮೇಜು, ಮಂಚಗಳ ಮೇಲೆಲ್ಲ ಧಾರಾಳವಾಗಿ ಕಾಣುವ ಕೆತ್ತನೆ ಅದು. ಅದರ ಬಲದ ಮೇಲೆ ರಾಜಮನೆತನದ ಮಾತೆತ್ತುವುದು ತೀರಾ ಅತಿಯಾಯಿತು.

ಹಾಗಾದರೆ ಈ ಕುರ್ಚಿಗಳಿಗೂ ಅಂತಸ್ತಿಗೂ ನಂಟೇ ಇರಲಿಲ್ಲವೇ? ಬಹಳ ಗಟ್ಟಿಯಾಗಿಯೇ ಇತ್ತು. ಚೀನೀಯರು ಮೊದಲು ನಮ್ಮ ಹಾಗೆ ಚಾಪೆಯ ಮೇಲೆ ಕೂರುತ್ತಿದ್ದವರು. ಮಡಿಚುವ ಪುಟ್ಟ ಪೀಠವೊಂದು 2ನೇ ಶತಮಾನದ ಹೊತ್ತಿಗೆ ವಾಯವ್ಯದ ಅಲೆಮಾರಿಗಳ ಕಡೆಯಿಂದ ಬಂತು. ಬೌದ್ಧ ವಿಹಾರಗಳಲ್ಲಿ ಧ್ಯಾನಕ್ಕೆ ಕೂರುವ ಎತ್ತರದ ಆಸನಗಳು ಬಳಕೆಗೆ ಬಂದವು. ಸೋಂಗ್ ಕಾಲದ ವೇಳೆಗೆ, ಅಂದರೆ 10ನೇ ಶತಮಾನದ ಬಳಿಕ, ಕುರ್ಚಿ ಮನೆಮನೆಯ ವಸ್ತುವಾಯಿತು. ಎಲ್ಲರೂ ನೆಲದಿಂದ ಮೇಲೇರಿದ ಮೇಲೆ ಯಾರು ಯಾವುದರ ಮೇಲೆ ಕೂರಬೇಕು ಎಂಬ ಪ್ರಶ್ನೆ ಎದುರಾಗಲೇಬೇಕಲ್ಲ. ಬೆನ್ನೂ ತೋಳೂ ಇದ್ದ ಕುರ್ಚಿ ಮನೆಯ ಹಿರಿಯರಿಗೆ ಮತ್ತು ಗೌರವದ ಅತಿಥಿಗೆ. ಬೆನ್ನಿಲ್ಲದ ಪೀಠ ಕಿರಿಯರಿಗೆ, ಅನೇಕ ಕಡೆ ಹೆಂಗಸರಿಗೆ. ಸೇವಕರು ನಿಂತೇ ಇರಬೇಕು. ಪೂರ್ವಿಕರ ಭಾವಚಿತ್ರಗಳಲ್ಲಿ ಅಜ್ಜ ಅಜ್ಜಿಯರು ಕಸೂತಿಯ ಹೊದಿಕೆ ಹಾಸಿದ ತೋಳುಗುರ್ಚಿಗಳಲ್ಲೇ ಕುಳಿತಿರುತ್ತಾರೆ. ಇವೆಲ್ಲಕ್ಕಿಂತ ಮೇಲಿನ ದರ್ಜೆ ಕುದುರೆಲಾಳದ ಬೆನ್ನುಳ್ಳ ಮಡಿಚು ಕುರ್ಚಿಯದು. ದೊಡ್ಡ ಅಧಿಕಾರಿಯೋ ಸೇನಾನಿಯೋ ಪ್ರಯಾಣಕ್ಕೆ ಹೊರಟರೆ ಸೇವಕ ಅದನ್ನು ಹೊತ್ತು ಹಿಂದೆ ನಡೆಯುತ್ತಿದ್ದ. ನಿಮ್ಮ ಅಂಗಡಿಯಲ್ಲಿರುವುದು ಅದರ ಮಡಿಚಲಾಗದ ತಮ್ಮ ಎನ್ನಬಹುದು.

ಒಟ್ಟಿನಲ್ಲಿ ದರ್ಜೆಯನ್ನು ತಿಳಿಸುತ್ತಿದ್ದುದು ಕುರ್ಚಿಯನ್ನು ಎಲ್ಲಿ ಇಟ್ಟಿದ್ದಾರೆ, ಯಾರಿಗಾಗಿ ಇಟ್ಟಿದ್ದಾರೆ ಎಂಬುದು. ಮರದಿಂದಲೇ ದೊಡ್ಡಸ್ತಿಕೆ ತೋರಿಸಿಕೊಳ್ಳುವ ಚಾಳಿ ಬಂದದ್ದು ಬಹಳ ತಡವಾಗಿ. 1567ರಲ್ಲಿ ಮಿಂಗ್ ಸರ್ಕಾರ ಸಮುದ್ರ ವ್ಯಾಪಾರದ ನಿಷೇಧವನ್ನು ಸಡಿಲಿಸಿದ ಮೇಲೆ ಆಗ್ನೇಯ ಏಷ್ಯಾದ ಗಟ್ಟಿಮರ ಹಡಗುಗಳಲ್ಲಿ ಬರತೊಡಗಿತು. ಹೈನಾನ್ ದ್ವೀಪದ ಹುವಾಂಗ್‌ಹುವಾಲಿಗೂ ಬೇಡಿಕೆ ಏರಿತು. ಅದಕ್ಕೆ ಮೊದಲು ಒಳ್ಳೆಯ ಸಾಮಾನು ಎಂದರೆ ಲ್ಯಾಕರ್ ಬಳಿದದ್ದು, ಒಳಗಿನ ಮರ ಯಾವುದೆಂದು ಯಾರೂ ವಿಚಾರಿಸುತ್ತಿರಲಿಲ್ಲ. ಇಂದಿನ ಶಾಂಘೈಗೆ ಸೇರಿದ ಸೋಂಗ್‌ಜಿಯಾಂಗ್‌ನ ಫಾನ್ ಲಿಯಾನ್ ಎಂಬ ವಿದ್ವಾಂಸ 16ನೇ ಶತಮಾನದ ಕೊನೆಯಲ್ಲಿ ಈ ಬದಲಾವಣೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ತಾನು ಚಿಕ್ಕವನಿದ್ದಾಗ ಕಾಣಸಿಗದ ನಯವಾದ ಮರದ ಸಾಮಾನು ಈಗ ಎಲ್ಲೆಲ್ಲೂ ಇದೆ, ಸಿರಿವಂತರ ಮಕ್ಕಳಿಗೆ ಊರಿನ ಮರ ಅಗ್ಗವಾಗಿ ಕಂಡು ಹುವಾಲಿ, ಕರಿಮರಗಳಂಥ ಗಟ್ಟಿಮರಗಳಿಗೆ ಹಣ ಸುರಿಯುತ್ತಿದ್ದಾರೆ, ಕಚೇರಿಯ ಜವಾನರೂ ಕೂಡ ಮನೆಯಲ್ಲಿ ನಾಜೂಕಿನ ಮೇಜು ಹಾಕಿ 'ಓದುವ ಕೋಣೆ' ಎಂದು ಹೆಸರಿಟ್ಟಿದ್ದಾರೆ ಎಂದು ಆತ ಗೊಣಗುತ್ತಾನೆ. ಈ ಜವಾನರು ಓದುವ ಪುಸ್ತಕ ಯಾವುದೋ ತಿಳಿಯದು ಎಂಬ ಕುಟುಕನ್ನೂ ಸೇರಿಸುತ್ತಾನೆ. ನನಗೆ ಈ ಗೊಣಗಾಟ ಬಹಳ ಇಷ್ಟ, ಏಕೆಂದರೆ ಅಂಗಡಿಯವರ ಕಥೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಗಟ್ಟಿಮರದ ಸಾಮಾನಿನ ಭರಾಟೆ ಮೊದಲಾದಾಗಲೇ ಅದು ಹಣ ಕೊಟ್ಟವರಿಗೆಲ್ಲ ಸಿಗುವ ಗೌರವವಾಗಿತ್ತು. ವರ್ತಕನೂ ಕೊಂಡ, ಜವಾನನೂ ಕೊಂಡ. ಅದೇ ಕಾಲದಲ್ಲಿ, 1589ರಲ್ಲಿ, ಶಾಂಘೈಯಲ್ಲಿ ಸಮಾಧಿಯಾದ ಪಾನ್ ಯುನ್‌ಝೆಂಗ್ ಎಂಬ ಅಧಿಕಾರಿಯ ಗೋರಿಯಲ್ಲಿ ಕುರ್ಚಿ, ಮೇಜು, ಮಂಚಗಳ ಪುಟ್ಟ ಮರದ ಮಾದರಿಗಳನ್ನು ಇಟ್ಟಿದ್ದರು. ಅವು ಇಂದು ಶಾಂಘೈ ವಸ್ತುಸಂಗ್ರಹಾಲಯದಲ್ಲಿವೆ. ಸತ್ತ ಮೇಲೂ ಕುರ್ಚಿ ಬೇಕೆನ್ನುವಷ್ಟು ಅದರ ಮೋಹ ಬೆಳೆದಿತ್ತು.

ಚಿಂಗ್ ಕಾಲದಲ್ಲಿ (1644–1912) ಅರಮನೆಯ ಒಲವು ಕಪ್ಪಾದ, ಭಾರವಾದ ಜ಼ಿತಾನ್ ಮರದತ್ತ ತಿರುಗಿತು. ಬೀಜಿಂಗ್ ಅರಮನೆಯ ಸಿಂಹಾಸನಗಳನ್ನು ಮಾಡಿದ ಆ ಮರ ಬಹುಪಾಲು ನಮ್ಮ ರಕ್ತಚಂದನವೇ ಎಂದು ತಜ್ಞರು ಗುರುತಿಸುತ್ತಾರೆ. ಶೇಷಾಚಲ, ವೆಲಿಗೊಂಡ ಬೆಟ್ಟಗಳ ಸುತ್ತಲಿನ ಆ ಮರದ ಕಳ್ಳಸಾಗಣೆಯ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರ ಹಿಂದಿರುವ ಬೇಡಿಕೆಯ ದೊಡ್ಡ ಪಾಲು ಚೀನಾದ ಈ ಹಳೆಯ ಮೋಹದ್ದೇ. ನಿಮ್ಮ ಮಲೆನಾಡಿನ ಬೀಟೆ ಮರವೂ ಇಂದಿನ ಚೀನೀ ಮಾನದಂಡದಲ್ಲಿ 'ಹೋಂಗ್‌ಮು' ಎಂಬ ಬೆಲೆಬಾಳುವ ಗಟ್ಟಿಮರಗಳ ಪಟ್ಟಿಯಲ್ಲಿದೆ. ಆದ್ದರಿಂದ 'ಹೋಂಗ್‌ಮು' ಎಂದು ಬರೆದುಕೊಟ್ಟ ಚೀಟಿ ಹುವಾಂಗ್‌ಹುವಾಲಿಗೆ ಪುರಾವೆಯಲ್ಲ; ಆ ಪಟ್ಟಿಯಲ್ಲಿ 29 ಜಾತಿಯ ಮರಗಳಿವೆ.

ಕಥೆಯನ್ನು ಬದಿಗಿಟ್ಟು ಇನ್ನು ಕುರ್ಚಿಯನ್ನು ನೋಡೋಣ. ನಿಮ್ಮ ಯಜಮಾನರ ಅನುಮಾನಕ್ಕೆ ಮೊದಲು ಸಮಾಧಾನ ಹೇಳಬೇಕು. ಕುದುರೆಲಾಳದ ತೋಳು ಒಂದೇ ಮರದಿಂದ ಬರುವುದಿಲ್ಲ. ಅಷ್ಟು ಬಾಗಿದ ತುಂಡನ್ನು ಒಂದೇ ಹಲಗೆಯಲ್ಲಿ ಕೊಯ್ದರೆ ಮರದ ಎಳೆಗಳು ಅಡ್ಡಡ್ಡ ಕತ್ತರಿಸಿಹೋಗಿ ತೋಳು ಮುರಿಯುತ್ತದೆ. ಅದಕ್ಕಾಗಿಯೇ ಮೂರು ಇಲ್ಲವೇ ಐದು ತುಂಡುಗಳನ್ನು ಒಂದರ ಮೇಲೊಂದು ಹೊಂದುವಂತೆ ಕಚ್ಚು ಕೊರೆದು ಸೇರಿಸಿ, ನಡುವೆ ಚೌಕಾಕಾರದ ಬೆಣೆ ಬಡಿದು ಬಿಗಿ ಮಾಡುತ್ತಾರೆ. ಬೆಣೆ ಕೂತ ಮೇಲೆ ತುಂಡುಗಳು ಮೇಲೂ ಕೆಳಗೂ ಸರಿಯವು, ಎಳೆದರೂ ಬಿಡವು. ಕೈಯಾಡಿಸಿದಾಗ ಕೂಡಿದ ಜಾಗ ಬೆರಳಿಗೆ ತಿಳಿಯದಷ್ಟು ನಯವಾಗಿದ್ದರೆ ಅದು ಒಳ್ಳೆಯ ಕೆಲಸಗಾರನ ಗುರುತು. ಕೂಡಿನ ಸುತ್ತ ಅಂಟು ಹೊರಗೆ ಉಕ್ಕಿ ಒಣಗಿದ್ದರೆ, ಮೊಳೆಯ ತಲೆಯೋ ಮರದ ಹಿಟ್ಟು ತುಂಬಿದ ಗುಂಡಿಯೋ ಕಂಡರೆ, ಆಗ ರಿಪೇರಿಯೆಂದು ತಿಳಿಯಿರಿ.

ಕಾಲುಗಳ ನಡುವಿನ ಅಡ್ಡಪಟ್ಟಿಗಳನ್ನೂ ಗಮನಿಸಿ. ಮುಂದಿನದು ಎಲ್ಲಕ್ಕಿಂತ ಕೆಳಗೆ, ಪಕ್ಕದವು ಸ್ವಲ್ಪ ಮೇಲೆ, ಹಿಂದಿನದು ಇನ್ನೂ ಮೇಲೆ ಇರುವ ಜೋಡಣೆಯನ್ನು 'ಹೆಜ್ಜೆಹೆಜ್ಜೆಗೂ ಏರಿಕೆ' ಎಂದು ಕರೆದು, ಹುದ್ದೆಯಲ್ಲಿ ಬಡ್ತಿಯ ಶುಭಸೂಚನೆಯಾಗಿ ಚೀನೀಯರು ಮೆಚ್ಚುತ್ತಾರೆ. ಶುಭವೂ ಹೌದು, ಆದರೆ ನಮ್ಮ ಕೆಲಸದವರ ಕಣ್ಣಿಗೆ ಕಾಣುವುದು ಬೇರೆ: ಒಂದೇ ಎತ್ತರದಲ್ಲಿ ಎರಡು ಕಡೆಯಿಂದ ತೂತು ಕೊರೆದರೆ ಕಾಲು ಅಲ್ಲೇ ಟೊಳ್ಳಾಗಿ ಮುರಿಯುತ್ತದೆ, ಎತ್ತರ ಬದಲಿಸಿದರೆ ಮರದ ಬಲ ಉಳಿಯುತ್ತದೆ. ಮುಂದಿನ ಪಟ್ಟಿಯ ಮೇಲೆ ಕೂತವರು ಪಾದವಿಡುತ್ತಿದ್ದುದರಿಂದ ಬಹುಕಾಲ ಬಳಸಿದ ಕುರ್ಚಿಯಲ್ಲಿ ಅದರ ನಡುಭಾಗ ಸವೆದು ತಗ್ಗಾಗಿರುತ್ತದೆ. ಎರಡೂ ಕುರ್ಚಿಗಳಲ್ಲಿ ಆ ತಗ್ಗು ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಅದು ಪಾದದಿಂದ ಆದದ್ದಲ್ಲ, ಅರದಿಂದ ಆದದ್ದು.

ನೀವು ಮುಂಭಾಗದ ಚಿತ್ರಗಳನ್ನಷ್ಟೇ ಕಳುಹಿಸಿದ್ದೀರಿ. ಮಾರುವವರಿಗೆ ಹೇಳಿ ಕುರ್ಚಿಯನ್ನು ಮಗುಚಿ ಹಾಕಿಸಿ, ಟಾರ್ಚ್ ಹಿಡಿದು ತಳವನ್ನು ನೋಡಿ. ಹಳೆಯ ಕುರ್ಚಿ ತನ್ನ ವಯಸ್ಸನ್ನು ಮುಚ್ಚಿಡಲಾಗದ ಜಾಗ ಅದು. ಹಿಂಗಾಲು ಆಸನದ ಚೌಕಟ್ಟನ್ನು ತೂರಿ ಮೇಲೇರಿ ಬೆನ್ನಿನ ಕಂಬವಾಗಿರಬೇಕು, ಅಂದರೆ ನೆಲದಿಂದ ತೋಳಿನವರೆಗೆ ಒಂದೇ ಮರ. ಆಸನದ ಮಟ್ಟದಲ್ಲಿ ತುಂಡಾಗಿದ್ದರೆ ಅದು ಅಗ್ಗದ ಅಥವಾ ಬಹಳ ಈಚಿನ ಕೆಲಸವಾಗಿರುವ ಸಂಭವ ಹೆಚ್ಚು. ಹಳೆಯ ಆಸನಗಳನ್ನು ಬೆತ್ತದಿಂದ ಹೆಣೆಯುತ್ತಿದ್ದರು, ಕೆಳಗೆ ತಾಳೆನಾರಿನ ಬಲೆ ಇರುತ್ತಿತ್ತು. ಹೆಣಿಗೆ ಹರಿದ ಮೇಲೆ ಎಷ್ಟೋ ಕುರ್ಚಿಗಳಿಗೆ ಹಲಗೆ ಬಿದ್ದಿದೆ, ಆದರೂ ಚೌಕಟ್ಟಿನ ಸುತ್ತ ಬೆತ್ತಕ್ಕೆ ಕೊರೆದ ತೂತುಗಳ ಸಾಲು, ಮುಚ್ಚಿದ್ದರೂ, ಗುರುತು ಬಿಟ್ಟಿರುತ್ತದೆ. ತಳದಲ್ಲಿ ನಾರುಬಟ್ಟೆ ಅಂಟಿಸಿ ಬಳಿದ ಲ್ಯಾಕರ್‌ನ ಒಡೆದ ಚಕ್ಕೆಗಳು ಕಂಡರೆ ಸಂತೋಷಪಡಿ. ತೇವವಾದ ಇಟ್ಟಿಗೆ ನೆಲದ ಮೇಲೆ ತಲೆಮಾರುಗಳ ಕಾಲ ನಿಂತ ಕಾಲುಗಳ ತುದಿ ಬಣ್ಣಗೆಟ್ಟು ಜೀರ್ಣವಾಗಿರುವುದೂ ಸಹಜ. ಎಲ್ಲ ಬದಿಯೂ ಒಂದೇ ಬಣ್ಣ, ಒಂದೇ ನಯ, ಕಾಲಿನ ತುದಿಯೂ ಹೊಸದು ಎಂದಾದರೆ ವಯಸ್ಸಿನ ಮಾತನ್ನು ಬಿಟ್ಟುಬಿಡಿ.

ಕಪ್ಪು ಬಣ್ಣವನ್ನೂ ತೂಕವನ್ನೂ ಹಳೆತನದ ಲಕ್ಷಣವೆಂದು ಅನೇಕರು ನಂಬುತ್ತಾರೆ. ಹುವಾಂಗ್‌ಹುವಾಲಿಯ ಸಹಜ ಬಣ್ಣ ಜೇನಿನಿಂದ ಕೆಂಗಂದಿನವರೆಗೆ. ಗಂಟಿನ ಜಾಗದಲ್ಲಿ ಸುರುಳಿಯಾಗುವ ಎಳೆಗಳನ್ನು ಚೀನೀಯರು ದೆವ್ವದ ಮುಖವೆಂದು ಕರೆಯುತ್ತಾರೆ. ಕಪ್ಪು ಮರದ ಕಾಲ ಬಂದಾಗ ಇಂಥ ಒಳ್ಳೆಯ ಮರಕ್ಕೂ ಬಣ್ಣ ಬಳಿದದ್ದುಂಟು, ಆದರೆ ಇಂದು ಅಂಗಡಿಯಲ್ಲಿ ಕಾಣುವ ಕಪ್ಪು ಬಹುಸಲ ಅಗ್ಗದ ಮರದ ಎಳೆಗಳನ್ನು ಮುಚ್ಚುವುದಕ್ಕೆ ಇರುತ್ತದೆ. ಇನ್ನು ತೂಕ: ಜ಼ಿತಾನ್ ನೀರಿನಲ್ಲಿ ಮುಳುಗುವಷ್ಟು ಭಾರ, 'ಹೋಂಗ್‌ಮು'ಗಳಲ್ಲಿ ಹಲವು ಹುವಾಂಗ್‌ಹುವಾಲಿಗಿಂತ ಭಾರ. ಕೈಯಲ್ಲಿ ಎತ್ತಿ ನೋಡಿ ಮರದ ಜಾತಿ ಹೇಳುವವರನ್ನು ನಾನು ನಂಬುವುದಿಲ್ಲ. ಕಾಣದ ಜಾಗದಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಮರದ ಗುಂಪು ತಿಳಿಯುತ್ತದೆ. 'ಕಾರ್ಬನ್ ಪರೀಕ್ಷೆ ಮಾಡಿಸಿದ್ದೇವೆ' ಎಂದು ಕಾಗದ ತೋರಿಸಿದರೆ ಮರುಳಾಗಬೇಡಿ. ಸುಮಾರು 1650ರಿಂದ ಈಚಿನ ಮರಕ್ಕೆ ಆ ಪರೀಕ್ಷೆ ಖಚಿತವಾದ ಉತ್ತರ ಕೊಡದು. ಕೊಟ್ಟಾಗಲೂ ಅದು ಮರ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಕುರ್ಚಿ ಮಾಡಿದ ಕಾಲವನ್ನಲ್ಲ. ಹಳೆಯ ತೊಲೆಯಿಂದ ಹೊಸ ಕುರ್ಚಿ ಮಾಡುವುದು ಈ ವ್ಯಾಪಾರದಲ್ಲಿ ಹೊಸತೇನಲ್ಲ.

ಚಿತ್ರದಲ್ಲಿ ಕಾಣುವಷ್ಟರಿಂದ ಹೇಳುವುದಾದರೆ, ಈ ಜೋಡಿ 20ನೇ ಶತಮಾನದ್ದು, ಹೆಚ್ಚೆಂದರೆ ಚಿಂಗ್ ಕಾಲದ ಕೊನೆಯದ್ದು ಎಂದು ನನ್ನ ಅಂದಾಜು. ತೋಳಿನ ತಿರುವು ಚೆನ್ನಾಗಿದೆ, ಬೆನ್ನಹಲಗೆಯ ಬಾಗು ಕಾಟಾಚಾರದ್ದಲ್ಲ. ಕೊಳ್ಳಲೇಬೇಕೆಂಬ ಮನಸ್ಸಿದ್ದರೆ ಎರಡು ದಾರಿಗಳಿವೆ. ಮಿಂಗ್ ಎಂಬ ಮಾತಿಗೆ ಹಣ ಕೊಡುವುದಾದರೆ ಮರದ ಹೆಸರು, ಕಾಲ, ಮಾಡಿರುವ ರಿಪೇರಿ, ಹಿಂದಿನ ಒಡೆತನ ಇಷ್ಟನ್ನೂ ರಸೀದಿಯಲ್ಲೇ ಬರೆಸಿ, ತಪ್ಪೆಂದು ತಿಳಿದರೆ ಹಣ ಹಿಂದಿರುಗಿಸುವ ಷರತ್ತನ್ನೂ ಸೇರಿಸಿಕೊಳ್ಳಿ. ಬಾಯಲ್ಲಿ ರಾಜಮನೆತನದವರೆಗೆ ಹೋದವರು ಕಾಗದದ ಮೇಲೆ 'ಮಿಂಗ್ ಶೈಲಿ' ಎಂಬುದಕ್ಕೆ ಇಳಿಯುವುದನ್ನು ಆಗ ನೀವೇ ನೋಡುತ್ತೀರಿ. ಅದಕ್ಕಿಂತ ನೆಮ್ಮದಿಯದು ಎರಡನೆಯ ದಾರಿ: ಕಥೆಯನ್ನು ಪೂರ್ತಿ ಕಳೆದು, ಒಳ್ಳೆಯ ಕೆಲಸದ ಗಟ್ಟಿ ಜೋಡಿಯೆಂದಷ್ಟೇ ಎಣಿಸಿ, ಅದೇ ಮರದ ಹೊಸ ಕುರ್ಚಿಯ ಬೆಲೆಯ ಜೊತೆ ಹೋಲಿಸಿ ಚೌಕಾಸಿ ಮಾಡುವುದು. ಇದರಲ್ಲೂ ಒಂದು ಅಪಾಯವಿದೆ. ಮರಳಿ ಮಾರುವಾಗ ಕೊಟ್ಟ ಹಣ ಹುಟ್ಟುತ್ತದೆಂಬ ಭರವಸೆ ಇಲ್ಲ. ಹೂಡಿಕೆಯ ಲೆಕ್ಕಾಚಾರ ಮನಸ್ಸಿನಲ್ಲಿದ್ದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಊರಿಗೆ ತರುವ ವಿಷಯದಲ್ಲಿ ಕಾಗದಪತ್ರ ಮುಖ್ಯ. ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ, ಹುವಾಂಗ್‌ಹುವಾಲಿ ಸೇರಿದಂತೆ, 2017ರ ಜನವರಿಯಿಂದ 'ಸೈಟಿಸ್' ಎಂಬ, ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ರಕ್ತಚಂದನ ಅದಕ್ಕೂ ಮೊದಲಿನಿಂದ ಇದೆ. ಬೀಟೆಯ ಕುಲದ ಮರದಿಂದ ಮಾಡಿದ ಸಾಮಾನಿಗೆ ಒಂದು ಸರಕಿನಲ್ಲಿ 10 ಕೆ.ಜಿ. ಮರದವರೆಗೆ ವಿನಾಯಿತಿ ಇದ್ದರೂ ಎರಡು ಗಟ್ಟಿಮರದ ಕುರ್ಚಿಗಳು ಅದನ್ನು ಸುಲಭವಾಗಿ ಮೀರುತ್ತವೆ. ಹಾಗಾಗಿ ಸಾಗಿಸುವ ಮೊದಲೇ ಸಿಂಗಪುರದ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕಾಗುತ್ತದೆ, ಅದಕ್ಕೆ ಮರದ ಹೆಸರು ಸರಿಯಾಗಿರಬೇಕು. ಇಲ್ಲೊಂದು ತಮಾಷೆಯಿದೆ: ಅಂಗಡಿಯವರು ಹೆಮ್ಮೆಯಿಂದ ಹೇಳುವ ಮರದ ಹೆಸರೇ ಬಂದರಿನಲ್ಲಿ ನಿಮಗೆ ತೊಡಕಾಗುತ್ತದೆ. ಜೊತೆಗೆ, ವಸ್ತು ನಿಜಕ್ಕೂ ನೂರು ವರ್ಷ ದಾಟಿದ್ದರೆ ನಮ್ಮ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ನೆನಪಿರಲಿ. ಅಂಥ ವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಒಮ್ಮೆ ತಂದ ಮೇಲೆ ಮಕ್ಕಳು ಮತ್ತೆ ಹೊರದೇಶಕ್ಕೆ ಹೊರಟರೆ ಕುರ್ಚಿ ಇಲ್ಲೇ ಉಳಿಯುತ್ತದೆ.

ಉಜ್ಜಿಸುವುದು ಮಾತ್ರ ಖಂಡಿತ ಬೇಡ. ಯಂತ್ರದಿಂದಾಗಲಿ ಉಪ್ಪುಕಾಗದದಿಂದಾಗಲಿ ಮೇಲ್ಮೈ ಹೆರೆದರೆ ಕೈತಾಗಿ ತಾಗಿ ಬಂದ ಹೊಳಪು, ಉಪಕರಣದ ಗುರುತು, ಕೆತ್ತನೆಯ ಅಂಚು ಎಲ್ಲವೂ ಒಟ್ಟಿಗೆ ಹೋಗುತ್ತವೆ, ಅವುಗಳನ್ನು ಮರಳಿ ತರುವ ವಿದ್ಯೆ ಯಾರಲ್ಲೂ ಇಲ್ಲ. ಹಾಂಗ್‌ಕಾಂಗ್ ಮೂಲಕ 1980–90ರ ದಶಕಗಳಲ್ಲಿ ಹೊರಬಂದ ಎಷ್ಟೋ ಒಳ್ಳೆಯ ಕುರ್ಚಿಗಳು ಹೀಗೆ ಮೈ ಹೆರೆಸಿಕೊಂಡೇ ಹಾಳಾದವು. ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಕೊಳೆ ಒರೆಸಿ, ಒಣಗಿದ ಮೇಲೆ ಜೇನುಮೇಣವನ್ನು ತೆಳುವಾಗಿ ತಿಕ್ಕಿದರೆ ಸಾಕು. ಸಿಂಗಪುರದ ತೇವದಿಂದ ಶಿವಮೊಗ್ಗದ ಮಾರ್ಚ್ ತಿಂಗಳ ಒಣಹವೆಗೆ ಬಂದಾಗ ಹಲಗೆ ಕುಗ್ಗಿ ಅಂಚಿನಲ್ಲಿ ಸಣ್ಣ ಸಂದು ಕಾಣಿಸಬಹುದು. ಹೆದರಿ ಅಲ್ಲಿ ಅಂಟು ತುಂಬಬೇಡಿ. ಹಲಗೆ ಹಿಗ್ಗಿ ಕುಗ್ಗಲೆಂದೇ ಚೌಕಟ್ಟಿನಲ್ಲಿ ಕೊರೆದ ಉದ್ದನೆಯ ತೋಡಿನಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ, ಅಂಟಿ ಹಿಡಿದರೆ ಮರದ ನಡುವೆಯೇ ಸೀಳು ಬೀಳುತ್ತದೆ. ಕೀಲು ಅಲುಗಾಡಿದರೆ ಮೊಳೆ ಹೊಡೆಯಲು ಬಿಡದೆ, ಬಿಚ್ಚಿ ಜೋಡಿಸಬಲ್ಲ ಬಡಗಿಯನ್ನು ಹುಡುಕಿ. ಗೆದ್ದಲಿನ ಭಯವಿರುವ ಮನೆಯಾದರೆ ಕಾಲುಗಳನ್ನು ನೆಲದ ತೇವ ತಾಗದಂತೆ ಇಡಿ. ಕೆಚ್ಚಿನ ಭಾಗವನ್ನು ಹುಳು ಸುಲಭಕ್ಕೆ ಮುಟ್ಟದು, ಆದರೆ ಅಗ್ಗದ ಕೆಲಸದಲ್ಲಿ ಬಣ್ಣದ ಅಡಿ ಬಿಳಿಮರವೂ ಸೇರಿರುತ್ತದೆ, ಕುಟ್ಟೆ ಹತ್ತುವುದು ಅಲ್ಲೇ.

ದಿನವೂ ಕೂರಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೂರಿ, ಇದು ಕೂರಲೆಂದೇ ಮಾಡಿದ ಕುರ್ಚಿ. ಆಸನ ನೆಲದಿಂದ ಸುಮಾರು 50 ಸೆಂ.ಮೀ. ಎತ್ತರವಿರುವುದರಿಂದ ಕುಳ್ಳಗಿನವರಿಗೆ ಮೊದಲು ಕಾಲು ತೂಗಿದಂತೆ ಅನಿಸುತ್ತದೆ. ಪಾದವನ್ನು ಮುಂದಿನ ಅಡ್ಡಪಟ್ಟಿಯ ಮೇಲಿಟ್ಟರೆ ಬೆನ್ನು ತಾನಾಗಿ ಹಲಗೆಯ ಬಾಗಿಗೆ ಹೊಂದಿಕೊಳ್ಳುತ್ತದೆ. ಬೆತ್ತದ ಆಸನವಿದ್ದರೆ ಅದರ ಮೇಲೆ ನಿಲ್ಲಲು ಮಕ್ಕಳಿಗೆ ಬಿಡಬೇಡಿ, ತೆಳುವಾದ ದಿಂಬು ಹಾಕಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಡುವಾಗ ತೋಳು ಹಿಡಿದು ಎತ್ತಬೇಡಿ, ಇಬ್ಬರು ಸೇರಿ ಆಸನದ ಚೌಕಟ್ಟನ್ನು ಕೆಳಗಿನಿಂದ ಹಿಡಿದು ಎತ್ತಿ. ನನ್ನ ಬಳಿಗೆ ರಿಪೇರಿಗೆ ಬರುವ ಇಂಥ ಕುರ್ಚಿಗಳಲ್ಲಿ ಹೆಚ್ಚಿನವು ತೋಳು ಹಿಡಿದು ಎಳೆದಾಡಿದ್ದರಿಂದಲೇ ಕೀಲು ಬಿಟ್ಟವು.